ಪುಟ್ಟ ರೈಲಿಗೆ ಮಲೆನಾಡಿನ ಕೊಳೆ

ಮಾದರಿ ರೈಲು ಕಟ್ಟುವವರಲ್ಲಿ ಹೆಚ್ಚಿನವರು ಎಂಜಿನ್ನಿಗೆ ದುಡ್ಡು ಸುರಿದು, ಹಳಿ ಜೋಡಿಸಿ, ಅದು ಓಡಿದ ಖುಷಿಯಲ್ಲಿ ಸುತ್ತ ಒಂದಷ್ಟು ಹಸಿರು ಪುಡಿ ಉದುರಿಸಿ ಕೈತೊಳೆದುಕೊಳ್ಳುತ್ತಾರೆ. ರೈಲು ಚೆಂದವಿರುತ್ತದೆ, ಊರು ಮಾತ್ರ ಆಗಷ್ಟೇ ಡಬ್ಬದಿಂದ ಬಿಚ್ಚಿಟ್ಟ ಹಾಗಿರುತ್ತದೆ. ಆ ಊರಿನಲ್ಲಿ ಒಂದು ಮಳೆಯೂ ಬಿದ್ದಿಲ್ಲ, ಗೋಡೆಗೆ ಹೊಗೆ ತಾಗಿಲ್ಲ, ಯಾರೂ ಚಪ್ಪಲಿ ಹಾಕಿಕೊಂಡು ಓಡಾಡಿಲ್ಲ. ಅದನ್ನೆಲ್ಲ ಬಣ್ಣದಲ್ಲಿ, ಪುಡಿಯಲ್ಲಿ ತೋರಿಸುವ ಕೆಲಸಕ್ಕೆ ಈ ಹವ್ಯಾಸದವರು ‘ವೆದರಿಂಗ್’ ಎನ್ನುತ್ತಾರೆ. ಕೊಳೆ ಬಳಿಯುವುದು ಯಾರಿಗೂ ಬರುತ್ತದೆ. ಯಾವ ಕೊಳೆ ಎಲ್ಲಿಂದ ಬಂತು ಎಂದು ಹೇಳಬಲ್ಲವರ ಕೆಲಸ ಮಾತ್ರ ನಂಬುವ ಹಾಗಿರುತ್ತದೆ.

ಈ ವಿದ್ಯೆ ಹೊಸದಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಜಾನ್ ಆಲೆನ್ ಎಂಬಾತ ತನ್ನ ಮನೆಯಲ್ಲಿ ಕಟ್ಟಿದ ಬೆಟ್ಟಸಾಲಿನ ರೈಲು, ತುಕ್ಕು ಹಿಡಿದ ವ್ಯಾಗನ್ನು ಮತ್ತು ಮಸಿ ಹಿಡಿದ ಕಟ್ಟಡಗಳಿಂದಲೇ ಹೆಸರಾಯಿತು. 1973ರಲ್ಲಿ ಆತ ತೀರಿಕೊಂಡ ಕೆಲವೇ ದಿನಗಳಲ್ಲಿ ಅದರ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಪೆಂಡನ್ ಮ್ಯೂಸಿಯಮ್ಮಿನಲ್ಲಿ ಎರಡು ಮಹಾಯುದ್ಧಗಳ ನಡುವಿನ ಹಳ್ಳಿಗಾಡು ಹುಲ್ಲುಮಾಡಿನ ಮನೆಗಳ ಸಮೇತ ಇಂದಿಗೂ ನೋಡಲು ಸಿಗುತ್ತದೆ. ನಮಗೆ ಸಿಗುವ ಕೈಪಿಡಿಗಳು, ಬಣ್ಣದ ಬಾಟಲಿಗಳು, ಹುಲ್ಲಿನ ಪೊಟ್ಟಣಗಳು ಎಲ್ಲ ಆ ದೇಶಗಳವು. ಅವರ ಕಲ್ಲು ಬೂದು, ಅವರ ಮಣ್ಣು ಕಂದು, ಅವರ ಹುಲ್ಲು ತಂಪು ಹಸಿರು. ಅದನ್ನೇ ತಂದು ಸುರಿದು ಮೇಲೆ ಮಲೆನಾಡಿನ ‘ಆನಂದಪುರಂ’ ಎಂದು ಬೋರ್ಡು ನೆಟ್ಟರೆ ಆಗುವುದಿಲ್ಲ.

ಹಾಗಾಗಿ ಇಲ್ಲಿ ಹೇಳುವುದು ನಮ್ಮದೇ ಒಂದು ಜಾಗದ ಲೆಕ್ಕದಲ್ಲಿ: ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಮೀಟರ್‌ಗೇಜ್ ಇದ್ದ ಕಾಲದ ಒಂದು ಸಣ್ಣ ನಿಲ್ದಾಣ. ಅರಸಾಳನ್ನು ನೆನೆಸಿಕೊಳ್ಳಿ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಮಾಲ್ಗುಡಿ ಸ್ಟೇಷನ್ ಮಾಡಿಕೊಂಡದ್ದು ಅದನ್ನೇ. ಆ ಹಳೆಯ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಹೋಗಿ ನೋಡಿ, ಕಿಟಕಿ ಬಾಗಿಲ ಅಳತೆ ತೆಗೆದುಕೊಳ್ಳಿ. ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ, ದುರಸ್ತಿಯಾಗಿ ಹೊಸ ಬಣ್ಣ ಕಂಡ ಕಟ್ಟಡ ಅದು. ಬಣ್ಣ ಬೇಕಾದರೆ ಅದೇ ದಾರಿಯಲ್ಲಿ ಸಿಗುವ ಹಳೆಯ ಶಾಲೆಯನ್ನೋ ಪಾಳುಬಿದ್ದ ಅಕ್ಕಿಗಿರಣಿಯನ್ನೋ ನೋಡಿ. ಯಥಾವತ್ ನಕಲು ಮಾಡುವ ಹಟ ಬೇಡ. ಅದೇ ಜಾತಿಯ, ಹೆಸರು ನೀವೇ ಇಟ್ಟ ಒಂದು ಸ್ಟೇಷನ್ ಸಾಕು.

ಪ್ಲೈವುಡ್ ಕೊಯ್ಯುವ ಮೊದಲು ಮೂರು ವಿಷಯ ತೀರ್ಮಾನವಾಗಬೇಕು: ಇಸವಿ, ತಿಂಗಳು, ದಿಕ್ಕು. ಇಸವಿ ಯಾಕೆಂದರೆ ಮೈಸೂರು ಸ್ಟೇಟ್ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು, ಬೋಗಿಯ ಮೇಲಿನ ಅಕ್ಷರ ಅದರೊಂದಿಗೆ ಬದಲಾಯಿತು. ತಿಂಗಳು ಯಾಕೆಂದರೆ ಏಪ್ರಿಲ್ಲಿನ ಮಲೆನಾಡು ಬೇರೆ, ಆಗಸ್ಟಿನದು ಬೇರೆ. ಬೇಸಿಗೆಯಲ್ಲಿ ರಸ್ತೆಬದಿಯ ಎಲೆಯ ಮೇಲೆಲ್ಲ ಕೆಂಧೂಳು. ಮಳೆಗಾಲದಲ್ಲಿ ಧೂಳಿಲ್ಲ, ರಾಡಿ. ಒಂದೇ ಬೋರ್ಡಿನಲ್ಲಿ ಧೂಳೂ ಪಾಚಿಯೂ ನೀರುಗುಂಡಿಯೂ ಸೇರಿದರೆ ಯಾವ ಕಾಲವೂ ಅಲ್ಲದ ಕಾಲ ಆಗುತ್ತದೆ. ದಿಕ್ಕನ್ನು ಜನ ಯೋಚಿಸುವುದೇ ಇಲ್ಲ. ಮುಂಗಾರು ಗಾಳಿ ಬೀಸುವುದು ನೈಋತ್ಯದಿಂದ, ಇರಚಲು ಹೊಡೆಯುವುದು ಪಶ್ಚಿಮದ ಗೋಡೆಗೆ. ಬೋರ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ ಉತ್ತರ ಯಾವ ಕಡೆ ಎಂದು ಬಾಣ ಹಾಕಿಟ್ಟರೆ ಯಾವ ಗೋಡೆ ಕಪ್ಪಾಗಬೇಕು ಎಂಬ ಪ್ರಶ್ನೆ ಮುಂದೆ ಏಳುವುದೇ ಇಲ್ಲ. ನನ್ನ ಆಯ್ಕೆ 1960ರ ದಶಕದ ಅಕ್ಟೋಬರ್, ಆಯುಧಪೂಜೆಯ ಮಾರನೆಯ ದಿನ. ಮಳೆ ಈಗಷ್ಟೇ ಹಿಂದೆ ಸರಿದಿರುತ್ತದೆ, ಪಾಚಿ ಒಣಗಿರುವುದಿಲ್ಲ, ಗದ್ದೆಯಲ್ಲಿ ಭತ್ತ ಹಸಿರಾಗಿಯೇ ತೆನೆ ಕಟ್ಟುತ್ತಿರುತ್ತದೆ.

ಅಳತೆ ಮತ್ತು ಅಡಿಪಾಯದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎಚ್‌ಒ ಅಳತೆ ಅಂದರೆ 1:87. ಮೀಟರ್‌ಗೇಜಿನ 1000 ಮಿ.ಮೀ. ಅದರಲ್ಲಿ 11.5 ಮಿ.ಮೀ. ಆಗುತ್ತದೆ, ‘ಎಚ್‌ಒಎಂ’ ಹೆಸರಿನಲ್ಲಿ ಸಿಗುವ 12 ಮಿ.ಮೀ. ಹಳಿ ಅದಕ್ಕೆ ಹೊಂದುತ್ತದೆ. 8 ಅಡಿಗೆ 4 ಅಡಿಯ ಪ್ಲೈವುಡ್ ಹಾಳೆಯನ್ನು ಉದ್ದಕ್ಕೆ ಸೀಳಿದರೆ 2 ಅಡಿ ಅಗಲದ ಎರಡು ಹಲಗೆ. ಒಂದರಲ್ಲಿ ಸ್ಟೇಷನ್ ಆಗುತ್ತದೆ. ಮೂರು ಬೋಗಿ ಮತ್ತು ಎಂಜಿನ್ ಸೇರಿ ಸುಮಾರು 90 ಸೆಂ.ಮೀ. ಹಿಡಿಯುತ್ತವೆ. ಗುಡ್ಡಕ್ಕೆ ಥರ್ಮೋಕೋಲ್ ಪದರ, ಅದರ ಮೇಲೆ ಫೆವಿಕಾಲ್ ನೀರಿನಲ್ಲಿ ಅದ್ದಿದ ಪತ್ರಿಕೆ ಚೂರು ಅಥವಾ ಔಷಧದಂಗಡಿಯ ಪ್ಲಾಸ್ಟರ್ ಬ್ಯಾಂಡೇಜು. ಥರ್ಮೋಕೋಲಿಗೆ ಬಿಳಿ ಫೆವಿಕಾಲ್ ಮಾತ್ರ ಬಳಸಿ. ಚಪ್ಪಲಿ ಅಂಟಿಸುವಂಥ ರಬ್ಬರ್ ಅಂಟು, ಸ್ಪ್ರೇ ಪೈಂಟು ತಾಗಿದರೆ ಗುಡ್ಡ ಕಣ್ಣೆದುರೇ ಕರಗಿ ಕುಳಿ ಬೀಳುತ್ತದೆ. ಪ್ಲಾಟ್‌ಫಾರ್ಮನ್ನು ಎತ್ತರ ಮಾಡಬೇಡಿ. ಮೀಟರ್‌ಗೇಜಿನ ಸಣ್ಣ ಸ್ಟೇಷನ್ನುಗಳಲ್ಲಿ ಅದು ಹೆಚ್ಚೂಕಡಿಮೆ ನೆಲದ ಮಟ್ಟದ್ದೇ. ಅಂಚಿಗೆ ಒಂದು ಸಾಲು ಕಲ್ಲು, ಒಳಗೆ ಮಣ್ಣು.

ಮಣ್ಣಿಗೆ ಮಣ್ಣೇ ಆಗಬೇಕು. ಮಲೆನಾಡಿನ ಕೆಮ್ಮಣ್ಣಿನ ಬಣ್ಣ ಯಾವ ಬಾಟಲಿಯಲ್ಲೂ ಇಲ್ಲ. ಗುಡ್ಡ ಕಡಿದ ಜಾಗದಿಂದ ಒಂದು ಡಬ್ಬ ತನ್ನಿ, ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಹುಳು, ಬೀಜ, ತೇವ ಎಲ್ಲ ಹೋಗಬೇಕು. ಕುಟ್ಟಿ, ಮೊದಲು ಹಿಟ್ಟಿನ ಜರಡಿ, ಆಮೇಲೆ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ. ಬಟ್ಟೆಯಲ್ಲಿ ಇಳಿದ ನಯವಾದ ಪುಡಿಯನ್ನು ಬೇರೆ ಎತ್ತಿಡಿ, ವೆದರಿಂಗಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಈಗ ಮುಖ್ಯವಾದ ಕೆಲಸ: ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಣ್ಣಿನೊಳಗೆ ನಾಲ್ಕಾರು ಸಲ ಆಡಿಸಿ. ಜಂಬಿಟ್ಟಿಗೆಯ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಕಪ್ಪು ಕಣಗಳು ಚೀಲಕ್ಕೆ ಗಡ್ಡದ ಹಾಗೆ ಅಂಟಿಕೊಂಡು ಬರುತ್ತವೆ. ಇವನ್ನು ತೆಗೆಯದೆ ಬಿಟ್ಟರೆ ಎಂಜಿನ್ನಿನ ಮೋಟಾರಿನ ಅಯಸ್ಕಾಂತ ಒಂದೊಂದಾಗಿ ಒಳಗೆ ಎಳೆದುಕೊಳ್ಳುತ್ತದೆ. ನೆಲಕ್ಕೆ ಅಂಟು ಬಳಿದು ಮಣ್ಣು ಉದುರಿಸಿದಾಗ ಬಣ್ಣ ಒಂದು ಪಟ್ಟು ಗಾಢವಾಗುತ್ತದೆ, ಒಣಗಿದ ಮೇಲೂ ಪೂರ್ತಿ ತಿಳಿಯಾಗುವುದಿಲ್ಲ. ಅದಕ್ಕೇ ಹಳೆಯ ರಟ್ಟಿನ ಚೂರಿನ ಮೇಲೆ ಮೊದಲು ಮಾಡಿ ನೋಡಿ.

ಜಲ್ಲಿಯದು ಬೇರೆ ಲೆಕ್ಕ. ನಿಜವಾದ ಹಳಿಯ 50 ಮಿ.ಮೀ. ಕಲ್ಲು 1:87ರಲ್ಲಿ ಅರ್ಧ ಮಿ.ಮೀ.ಗಿಂತ ಸ್ವಲ್ಪ ದಪ್ಪ ಅಷ್ಟೆ. ಕಟ್ಟಡದ ಕೆಲಸ ನಡೆಯುವಲ್ಲಿ ಸಿಗುವ ಎಂ-ಸ್ಯಾಂಡನ್ನು ಟೀ ಸೋಸುವ ಜರಡಿಯಲ್ಲಿ ಆಡಿಸಿ, ಉಳಿದ ದಪ್ಪವನ್ನೂ ತೀರಾ ಸಣ್ಣ ದೂಳನ್ನೂ ಬಿಟ್ಟರೆ ನಡುವಿನದು ಸಿಗುತ್ತದೆ. ಹಳಿಯ ಪಕ್ಕೆಗಳಿಗೆ ಮೊದಲೇ ತುಕ್ಕಿನ ಬಣ್ಣ ಹಚ್ಚಿರಬೇಕು. ಜಲ್ಲಿ ಹಾಕಿದ ಮೇಲೆ ಬ್ರಷ್ ಆಡುವುದಿಲ್ಲ. ಒಣಜಲ್ಲಿಯನ್ನು ಬ್ರಷ್ಷಿನಿಂದ ಕೂರಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬೆರೆಸಿದ ನೀರನ್ನು ಮಂಜಿನ ಹಾಗೆ ಸಿಂಪಡಿಸಿ, ನಂತರ ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು ಸೇರಿಸಿ ಡ್ರಾಪರಿನಲ್ಲಿ ಬಿಡಿ. ಸೋಪು ನೀರಿಲ್ಲದಿದ್ದರೆ ಅಂಟು ಗುಂಡುಗುಂಡಾಗಿ ನಿಂತು ಜಲ್ಲಿಯನ್ನು ಎಬ್ಬಿಸುತ್ತದೆ. ಹಳಿ ಕವಲೊಡೆಯುವ ಪಾಯಿಂಟ್‌ಗಳ ಆಡುವ ನಾಲಿಗೆಯ ಹತ್ತಿರ ಜಲ್ಲಿ ಕಡಿಮೆ, ಅಂಟು ಇನ್ನೂ ಕಡಿಮೆ. ಒಂದು ರಾತ್ರಿ ಮುಟ್ಟಬೇಡಿ, ಮಳೆಗಾಲದಲ್ಲಾದರೆ ಎರಡು.

ಉಗಿಬಂಡಿಯ ಕಾಲದ ಜಲ್ಲಿ ಉದ್ದಕ್ಕೂ ಒಂದೇ ಬಣ್ಣದಲ್ಲಿರುತ್ತಿರಲಿಲ್ಲ. ಸ್ಟೇಷನ್ನಿಗೆ ಬರುವ ಮುನ್ನ ಬ್ರೇಕು ಹಿಡಿಯುವ ಜಾಗದಲ್ಲಿ ಬೀಡುಕಬ್ಬಿಣದ ಬ್ರೇಕ್ ಕಟ್ಟೆ ಸವೆದ ಕಂದು ಪುಡಿ. ಎಂಜಿನ್ ನಿಲ್ಲುವಲ್ಲಿ ಎಣ್ಣೆ ಕುಡಿದ ಕಪ್ಪು, ಅದೂ ಹಳಿಗಳ ನಡುವೆ. ನೀರಿನ ಕಂಬದ ಬುಡದಲ್ಲಿ ಸದಾ ಒದ್ದೆ, ಪಾಚಿ. ಬೂದಿ ಉದುರಿಸುವ ಗುಂಡಿಯ ಸುತ್ತ ಬೂದು ಬಣ್ಣ, ನಡುನಡುವೆ ಕಿಟ್ಟದ ಉಂಡೆ. ಬಳಕೆಯಲ್ಲಿರುವ ಹಳಿಯ ನೆತ್ತಿ ಹೊಳೆಯುತ್ತದೆ. ವರ್ಷಕ್ಕೆ ನಾಲ್ಕು ಬಾರಿ ವ್ಯಾಗನ್ ಕಾಣುವ ಸೈಡಿಂಗಿನ ಹಳಿ ನೆತ್ತಿಯವರೆಗೂ ತುಕ್ಕು, ಸ್ಲೀಪರುಗಳ ಮಧ್ಯೆ ಮುಟ್ಟಿದರೆ ಮುನಿ. ಅಂಥದೊಂದು ಸೈಡಿಂಗನ್ನು ಕರೆಂಟು ಕೊಡದೆ ಸುಮ್ಮನೆ ಇಟ್ಟುಕೊಳ್ಳಿ, ನೆತ್ತಿಗೆ ಧೈರ್ಯವಾಗಿ ಬಣ್ಣ ಹಚ್ಚಬಹುದು.

ಇನ್ನು ಕಟ್ಟಡ. ನನ್ನ ಕೇಳಿದರೆ ಹಾಕಬೇಕಾದ ಸಮಯದ ಅರ್ಧವನ್ನು ಇಲ್ಲೇ ಹಾಕಬೇಕು, ಅದರಲ್ಲೂ ಮಾಡಿಗೆ. ಮಂಗಳೂರು ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಬಾಸೆಲ್ ಮಿಷನ್ನಿನವರಿಂದ. ಅಲ್ಲಿಂದಾಚೆ ಕರಾವಳಿ, ಮಲೆನಾಡುಗಳ ಮಾಡೆಂದರೆ ಅದೇ. ಹಂಚಿನ ಒಂದು ಸಾಲು ನಮ್ಮ ಅಳತೆಯಲ್ಲಿ 3.5ರಿಂದ 4 ಮಿ.ಮೀ. ಡ್ರಾಯಿಂಗ್ ಹಾಳೆಯ ಪಟ್ಟಿ ಕತ್ತರಿಸಿ, ಇಂಕು ಮುಗಿದ ಬಾಲ್‌ಪೆನ್ನಿನಿಂದ ಅಡ್ಡಡ್ಡ ಗೀರು ಎಳೆದರೆ ಹಂಚಿನ ಉಬ್ಬುತಗ್ಗು ಮೂಡುತ್ತದೆ. ಸೂರಿನಿಂದ ಶುರುಮಾಡಿ ಮೇಲಕ್ಕೆ ಒಂದರ ಮೇಲೊಂದು ಅಂಟಿಸುತ್ತ ಹೋಗಿ, ಕೊನೆಗೆ ಮೂಲೆಹಂಚು. ಸಾಲು ಒಂದೆರಡು ಕಡೆ ಕೊಂಚ ಬಾಗಿದರೆ ಒಳ್ಳೆಯದೇ, ಕೆಳಗಿನ ರೀಪು ಜಗ್ಗಿರುತ್ತದಲ್ಲ.

ಬಣ್ಣ ಹೀಗೆ. ಮೊದಲು ಇಡೀ ಮಾಡಿಗೆ ಬರ್ನ್ಟ್ ಸಿಯೆನ್ನಾಕ್ಕೆ ಚೂರು ಬಿಳಿ, ಚೂರು ಯೆಲ್ಲೋ ಓಕರ್ ಸೇರಿಸಿ ಬಳಿಯಿರಿ. ಕ್ಯಾಮ್ಲಿನ್ನೋ ಫೆವಿಕ್ರಿಲ್ಲೋ, ಸ್ಟೇಷನರಿ ಅಂಗಡಿಯ ಯಾವ ಅಕ್ರಿಲಿಕ್ಕಾದರೂ ನಡೆಯುತ್ತದೆ. ಒಣಗಿದ ಮೇಲೆ ಅಲ್ಲೊಂದು ಇಲ್ಲೊಂದು ಹಂಚನ್ನು ಬೇರೆ ಛಾಯೆಗೆ ತಿರುಗಿಸಿ. ಆಮೇಲೆ ಕಪ್ಪಿಗೆ ಬರ್ನ್ಟ್ ಅಂಬರ್ ಬೆರೆಸಿ ನೀರು ನೀರಾಗಿ ಮಾಡಿ ಇಡೀ ಮಾಡಿನ ಮೇಲೆ ಹರಿಯಬಿಡಿ. ಗೀರುಗಳಲ್ಲಿ ನಿಂತು ಒಣಗುತ್ತದೆ. ಇದು ‘ವಾಶ್’. ಮಲೆನಾಡಿನ ಮಾಡು ನಾಲ್ಕು ಮಳೆಗಾಲ ಕಂಡ ಮೇಲೆ ಕೆಂಪಿಗಿಂತ ಕಪ್ಪೇ ಹೆಚ್ಚು, ಹೆದರದೆ ಎರಡನೆಯ ಸಲವೂ ಹರಿಸಿ. ಪಾಚಿಯನ್ನು ಮಾತ್ರ ಎಲ್ಲ ಕಡೆ ಮೆತ್ತಬಾರದು. ನೀರು ತಡೆದು ನಿಲ್ಲುವುದು ಹಂಚಿನ ಕೆಳತುದಿಯಲ್ಲಿ, ಎರಡು ಮಾಡು ಕೂಡುವ ಕಣಿವೆಯಲ್ಲಿ, ಮರದ ನೆರಳಿನ ಕೆಳಗೆ. ಅಲ್ಲಿ ಮಾತ್ರ ಹಳದಿ ಬೆರೆತ ಹಸಿರನ್ನು ಸ್ಪಂಜಿನ ಚೂರಿನಲ್ಲಿ ಒತ್ತಿ, ಮೇಲೆ ಚಿಟಿಕೆ ಹಸಿರು ಪುಡಿ ಕೂರಿಸಿ. ಕಡೆಗೆ ಮೂರೋ ನಾಲ್ಕೋ ಹಂಚನ್ನು ಹೊಸ ಕಿತ್ತಳೆಗೆಂಪಿನಲ್ಲಿ ಬಿಡಿ. ಮಂಗ ಕುಣಿದು ಒಡೆದದ್ದನ್ನು ಗ್ಯಾಂಗ್‌ಮನ್ ಬದಲಿಸಿದ್ದಾನೆ ಎಂದು ನೋಡಿದವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ಗೋಡೆಯ ಬುಡಕ್ಕೆ ಬನ್ನಿ. ಸೂರಿನಿಂದ ಬಿದ್ದ ನೀರು ನೆಲದಲ್ಲಿ ಒಂದು ಸಣ್ಣ ಚರಂಡಿ ಕೊರೆಯುತ್ತದೆ, ಸೂರಿನ ಅಂಚಿನ ನೇರ ಕೆಳಗೆ. ಅಲ್ಲಿ ಮಣ್ಣು ಕೊಚ್ಚಿಹೋಗಿ ನುರುಜುಗಲ್ಲು ಕಾಣುತ್ತದೆ. ಹನಿ ಸಿಡಿದು ಸುಣ್ಣದ ಗೋಡೆಗೆ ಕೆಂಪು ಎರಚುತ್ತದೆ. ಹೆಚ್ಚೆಂದರೆ ಒಂದೂವರೆ ಅಡಿ ಎತ್ತರ, ನಮ್ಮ ಅಳತೆಯಲ್ಲಿ 5 ಮಿ.ಮೀ. ಇದನ್ನು ಬ್ರಷ್ಷಿನಲ್ಲಿ ಬಳಿದರೆ ಪಟ್ಟಿ ಹೊಡೆದಂತಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ, ಮೇಲ್ಭಾಗಕ್ಕೆ ಕಾಗದ ಅಡ್ಡ ಹಿಡಿದು, ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸಿಡಿಸಿ. ಬಾಗಿಲಿನ ಮುಂದೆ ಸೂರು ಚಾಚಿಕೊಂಡಿದ್ದರೆ ಅಲ್ಲಿ ಸಿಡಿತ ಇಲ್ಲ. ಬದಲಿಗೆ ಕಾಯುವ ಜನ ಒರಗಿ ಒರಗಿ ಗೋಡೆ ಸೊಂಟದೆತ್ತರದಲ್ಲಿ ಮಾಸಿರುತ್ತದೆ. ಪಶ್ಚಿಮದ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ರೂಢಿ ಮಲೆನಾಡಿನ ಮನೆಗಳಲ್ಲಿದೆ. ಸ್ಟೇಷನ್ನಿನ ಹಿಂದೆ ಒಂದು ಕ್ವಾರ್ಟರ್ಸ್ ಮಾಡಿದರೆ ಅದಕ್ಕೆ ಕಟ್ಟಿ, ಅರ್ಧ ಬಿಚ್ಚಿದ ಹಾಗೆ.

ಮರಗಳಲ್ಲಿ ಎಲ್ಲರೂ ಮಾಡುವ ತಪ್ಪು ಗಿಡ್ಡ ಮಾಡುವುದು. 15 ಮೀಟರಿನ ಅಡಿಕೆ ಮರ 1:87ರಲ್ಲಿ 17 ಸೆಂ.ಮೀ.! ಸ್ಟೇಷನ್ನಿನ ಮಾಡಿಗಿಂತ ಎಷ್ಟೋ ಎತ್ತರ. ಅಡಿಕೆಗೆ ಪೇಟೆಯಿಂದ ಏನೂ ತರಬೇಕಿಲ್ಲ, ದೇವರ ಮನೆಯಲ್ಲಿ ಊದಿನಕಡ್ಡಿ ಇದೆ. ಮಸಾಲೆ ತೆಗೆದ ಬಿದಿರು ಕಡ್ಡಿಯ ದಪ್ಪ ಹೆಚ್ಚೂಕಡಿಮೆ ಒಂದೂವರೆ ಮಿ.ಮೀ., ಅಡಿಕೆ ಕಾಂಡದ ಅಳತೆಗೆ ಸರಿಯಾಗಿ ಕೂರುತ್ತದೆ. ಬೂದು ಬಳಿದು, ಅರ್ಧ ಸೆಂ.ಮೀ.ಗೂ ಕಡಿಮೆ ಅಂತರದಲ್ಲಿ ತೆಳ್ಳಗೆ ಬಿಳಿ ಉಂಗುರ, ನಡುವೆ ಅಲ್ಲಲ್ಲಿ ಕಲ್ಲುಹೂವಿನ ಬಿಳಿ ಮಚ್ಚೆ. ತುದಿಯ ಒಂದು ಸೆಂ.ಮೀ. ನಯವಾದ ಹಸಿರು. ಸೋಗೆ ಎಂಟೋ ಹತ್ತೋ ಸಾಕು. ತೆಳು ತಂತಿಯನ್ನು ಹಸಿರು ಕಾಗದದ ಮಡಿಕೆಯಲ್ಲಿ ಅಂಟಿಸಿ, ಎರಡೂ ಬದಿ ಕತ್ತರಿಯಿಂದ ಸಣ್ಣಗೆ ಸೀಳಿ, ಬಾಗಿಸಿ ಕೂರಿಸಿ. ಕೆಳಗಿನ ಒಂದು ಸೋಗೆ ಒಣಗಿ ಜೋತುಬಿದ್ದಿರಲಿ, ತೋಟದ ನೆಲದಲ್ಲಿ ಒಂದೆರಡು ಹಾಳೆ ಬಿದ್ದಿರಲಿ. ತೋಟದ ಮರಗಳನ್ನು ಸಾಲಿನಲ್ಲೇ ನೆಡಿ, ಅದು ಕಾಡಲ್ಲ. ಆದರೆ ಎಲ್ಲ ಒಂದೇ ಎತ್ತರ ಬೇಡ, ಸತ್ತ ಮರದ ಜಾಗದಲ್ಲಿ ಸಸಿ ಇರುತ್ತದೆ.

ಕಾಡಿನ ಮರಕ್ಕೆ ಒಣಗಿದ ಕಳೆಗಿಡದ ಬೇರನ್ನು ತಲೆಕೆಳಗು ಮಾಡಿ ನಿಲ್ಲಿಸಿ. ಕವಲು ಕವಲಾಗಿ ಅದಾಗಲೇ ಮರದ ಆಕಾರದಲ್ಲಿರುತ್ತದೆ. ಎಲೆಗೆ ಹಾಸಿಗೆಯ ಸ್ಪಂಜನ್ನು ಹಳೆಯ ಮಿಕ್ಸಿಯಲ್ಲಿ ನೀರು ಸೇರಿಸಿ ಪುಡಿಮಾಡಿ, ಮೂರು ನಾಲ್ಕು ಹಸಿರಿನಲ್ಲಿ ಅದ್ದಿ ಒಣಗಿಸಿ. ಪೊದೆಗೆ ಪಾತ್ರೆ ಉಜ್ಜುವ ಸ್ಕ್ರಬ್ಬನ್ನು ಎಳೆದು ಹಿಂಜಿದರೆ ಆಯಿತು. ಹುಲ್ಲಿಗೆ ತೆಂಗಿನ ನಾರನ್ನು 4–5 ಮಿ.ಮೀ. ಕತ್ತರಿಸಿ ನೆಡಬಹುದು. ಸೊಳ್ಳೆ ಬ್ಯಾಟನ್ನು ಬಿಚ್ಚಿ ಸ್ಥಾಯಿ ವಿದ್ಯುತ್ತಿನಿಂದ ನೂಲುಹುಲ್ಲನ್ನು ನೆಟ್ಟಗೆ ನಿಲ್ಲಿಸುವ ಸಾಧನ ಮಾಡಿಕೊಳ್ಳುವವರಿದ್ದಾರೆ. ಕೆಲಸ ಸೊಗಸಾಗಿ ಆಗುತ್ತದೆ. ಆದರೆ ಅದರೊಳಗೆ ಇರುವುದು ಹೆಚ್ಚು ವೋಲ್ಟೇಜು, ಸರ್ಕ್ಯೂಟ್ ಗೊತ್ತಿಲ್ಲದವರು ಕೈಹಾಕಬೇಡಿ.

ಎಂಜಿನ್ನಿಗೆ ಕೊನೆಯಲ್ಲಿ ಬನ್ನಿ. ಹಳಿಯ ಸುತ್ತಲಿನ ಕೊಳೆಯ ಬಣ್ಣ ನಿರ್ಧಾರವಾದ ಮೇಲೆಯೇ ಎಂಜಿನ್ನಿನ ಕೆಳಭಾಗದ ಬಣ್ಣ, ಎರಡೂ ಒಂದೇ ಧೂಳು ತಾನೆ. ವೈಪಿ, ವೈಜಿಯಂಥ ಮೀಟರ್‌ಗೇಜ್ ಎಂಜಿನ್ನುಗಳು ಕಪ್ಪು. ಕಪ್ಪನ್ನು ಕಪ್ಪಿನಿಂದಲೇ ಕೊಳೆಮಾಡಲು ಆಗುವುದಿಲ್ಲ. ಮೈಯ ಕಪ್ಪಿಗೆ ಚೂರು ಬೂದು, ಚೂರು ಕಂದು ಸೇರಿಸಿ ತಿಳಿ ಮಾಡಿಕೊಳ್ಳಿ, ಆಗ ಮಸಿ ಬೇರೆಯಾಗಿ ಕಾಣುತ್ತದೆ. ಹೊಗೆಗೂಡಿನ ಬಾಗಿಲ ಕೆಳಗೆ ಬಿಸಿಬೂದಿ ಬಿದ್ದು ಬಣ್ಣ ಸುಟ್ಟಿರುತ್ತದೆ, ಅಲ್ಲಿ ಬೂದುಗಂದು. ಸೇಫ್ಟಿ ವಾಲ್ವಿನ ಸುತ್ತ, ಉಗಿ ಸೋರುವ ಕೀಲುಗಳ ಕೆಳಗೆ ಬಿಳಿ ಗೆರೆ. ನೀರಿನ ಲವಣ ಉಳಿದದ್ದು. ಬಯಲುಸೀಮೆಯ ಗಡಸು ನೀರು ಕುಡಿದ ಎಂಜಿನ್ನಿಗೆ ಈ ಗೆರೆ ಜಾಸ್ತಿ ಹಾಕಿ, ಮಲೆನಾಡಿನ ಮೆದುನೀರಿಗೆ ಒಂದೆರಡು ಸಾಕು. ಚಕ್ರ ತಿರುಗಿಸುವ ಸರಳುಗಳ ಮೇಲೆ ಧೂಳು ಬೇಡ, ಎಣ್ಣೆಯ ಹೊಳಪು ಬೇಕು. ಟೆಂಡರಿನಲ್ಲಿ ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ ತುಂಬಿ. ನೀರು ತುಂಬುವ ಬಾಯಿಯಿಂದ ಕೆಳಕ್ಕೆ ಹೊಳಪಿನ ಸೋರುಗೆರೆ ಎಳೆಯಿರಿ. ಡ್ರೈವರು ಹಿಡಿದು ಹತ್ತುವ ಸರಳು ಮಾತ್ರ ಕೈ ತಾಗಿ ತಾಗಿ ಮಿರುಗುತ್ತದೆ, ಅಲ್ಲಿ ಪೆನ್ಸಿಲ್ಲಿನ ಸೀಸ ಉಜ್ಜಿ. ಹಳೆಯ ಎಂಜಿನ್ನುಗಳ ಕೀಲು, ರಿವೆಟ್ಟು, ತುಕ್ಕು ಹತ್ತಿರದಿಂದ ನೋಡಬೇಕೆಂದರೆ 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ.

ನಮ್ಮದು ಆಯುಧಪೂಜೆಯ ಮಾರನೆಯ ದಿನ ಅಂದೆನಲ್ಲ. ಹೊಗೆಗೂಡಿನ ಬಾಗಿಲಿಗೆ ವಿಭೂತಿಯ ಮೂರು ಪಟ್ಟೆ, ಕುಂಕುಮದ ಬೊಟ್ಟು, ಬಾಡಿದ ಚೆಂಡುಹೂವಿನ ಹಾರ. ಹಾರಕ್ಕೆ ಹಳದಿ ಹೊಲಿಗೆ ದಾರ ಸಾಕು, ಸ್ವಲ್ಪ ಕಂದು ತಾಗಿಸಿ. ಮುಂದಿನ ತೊಲೆಗೆ ಕಟ್ಟಿದ ಬಾಳೆಕಂದಿನ ಎಲೆ ಗಾಳಿಗೆ ಸೀಳಿಹೋಗಿರಲಿ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಡೆದ ಬೂದುಗುಂಬಳದ ಎರಡು ಹೋಳು, ಒಂದೊಂದು 3 ಮಿ.ಮೀ., ಒಳಗೆ ಕೆಂಪು. ನೋಡಲು ಬಂದ ಮಕ್ಕಳು ಎಂಜಿನ್ನಿಗಿಂತ ಮೊದಲು ಇದನ್ನು ಕಂಡುಹಿಡಿಯುತ್ತಾರೆ.

ಪುಡಿಯ ಕೆಲಸಕ್ಕೆ ಮಾಸ್ಕ್ ಹಾಕಿಕೊಳ್ಳಿ. ಪೇಸ್ಟಲ್ ಕಡ್ಡಿಯನ್ನು ಬ್ಲೇಡಿನಿಂದ ಕೆರೆದ ಪುಡಿ, ಬಟ್ಟೆಯಲ್ಲಿ ಸೋಸಿಟ್ಟ ಕೆಮ್ಮಣ್ಣು ಎರಡೂ ಮೆತ್ತನೆಯ ಬ್ರಷ್ಷಿನಲ್ಲಿ ಕೂರುತ್ತವೆ. ಮೇಲೆ ಮ್ಯಾಟ್ ವಾರ್ನಿಷ್ ಹೊಡೆದರೆ ಪುಡಿ ಅರ್ಧಕ್ಕರ್ಧ ಮಾಯವಾಗುತ್ತದೆ; ಆದ್ದರಿಂದ ಬೇಕಾದ್ದಕ್ಕಿಂತ ಹೆಚ್ಚು ಹಾಕಿ, ವಾರ್ನಿಷ್ ಹೊಡೆದು, ಸಾಲದಿದ್ದರೆ ಮತ್ತೆ ಹಾಕಿ. ಬಣ್ಣವನ್ನು ಲೇಔಟ್, ಅಂದರೆ ಈ ಇಡೀ ಬೋರ್ಡು, ಇರುವ ಕೋಣೆಯ ದೀಪದಲ್ಲೇ ಕಲಸಬೇಕು. ಕಿಟಕಿ ಬೆಳಕಿನಲ್ಲಿ ಸರಿಯೆನಿಸಿದ ಪಾಚಿ ಬಿಳಿ ಎಲ್‌ಇಡಿಯಲ್ಲಿ ಪ್ಲಾಸ್ಟಿಕ್ಕಿನ ಹಾಗೆ ಕಾಣಬಹುದು. ಕೆಲಸ ಮುಗಿದ ಮೇಲೆ ಹಳಿಯ ನೆತ್ತಿ ಮತ್ತು ಚಕ್ರಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಕಿಟಕಿ ತೆರೆದಿಟ್ಟುಕೊಂಡು.

ನಾರು, ಕಾಗದ, ಮರದ ಹೊಟ್ಟು ಸೇರಿದ ಲೇಔಟಿಗೆ ನಮ್ಮ ಮಳೆಗಾಲದಲ್ಲಿ ನಿಜವಾದ ಬೂಷ್ಟೇ ಬರುತ್ತದೆ. ಹಾಕುವ ಮೊದಲು ಎಲ್ಲವನ್ನೂ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಹೊರಗೋಡೆಗೆ ತಾಗಿಸಿ ಲೇಔಟ್ ಇಡಬೇಡಿ. ಅಗ್ಗವೆಂದು ಮೈದಾ ಅಂಟು ಬಳಸಿದರೆ ರಾತ್ರಿ ಜಿರಳೆ ಬಂದು ಮಾಡಿನ ಹಂಚು ಮೆಲ್ಲುತ್ತದೆ. 4 ಸೆಂ.ಮೀ. ಜಿರಳೆ ನಮ್ಮ ಸ್ಟೇಷನ್ನಿನ ಅಳತೆಯಲ್ಲಿ ಹನ್ನೊಂದು ಅಡಿಗೂ ಹೆಚ್ಚು ಉದ್ದದ ಪ್ರಾಣಿ. ಸ್ಟೇಷನ್ ಮಾಸ್ಟರು ಪಾಪ ಏನು ಮಾಡಿಯಾರು. ಫೆವಿಕಾಲನ್ನೇ ಬಳಸಿ, ಮಲಗುವ ಮುನ್ನ ಹಳೆಯ ಸೀರೆಯೊಂದನ್ನು ಹೊದಿಸಿ.